ನೀರಿನ ಸದ್ದು ಹುಡುಕಿದವನು

"ಗುರುಗಳೇ, ನಾನು ಇಲ್ಲಿಂದಲೂ ಹೊರಡಬೇಕೇ?" ಎಂದು ಮುರಿಗೆಪ್ಪ ಕೇಳಿದ.

ಆಶ್ರಮಕ್ಕೆ ಬಂದು ತಿಂಗಳಾದರೂ ಅವನು ತನ್ನ ಗಂಟು ಬಿಚ್ಚಿರಲಿಲ್ಲ. ಹಿಂದಿನ ಗುರುವಿನ ಮಾತಿನಲ್ಲಿ ಆಳವಿತ್ತು, ಬಿಸಿಯಿರಲಿಲ್ಲ. ಅವರಿಗಿಂತ ಹಿಂದಿನವರಲ್ಲಿ ಬರೀ ಬಿಸಿ. ಎಲ್ಲಿ ಕೂತರೂ ಮನಸ್ಸು ನಿಲ್ಲುವುದಿಲ್ಲ, ಹೀಗೇ ಆದರೆ ಬುದ್ಧಿ ಕೆಡುತ್ತದೆಂದು ಹೆದರಿಕೆಯಾಗುತ್ತಿದೆ ಎಂದು ಹೇಳಿಕೊಂಡ.

ಗುರುಗಳು ಅವನಿಗೆ ಕೂರಲು ಹೇಳಿ ಕತೆ ಶುರು ಮಾಡಿದರು.

ಒಬ್ಬ ಬುಟ್ಟಿ ಹೆಣೆಯುವವನು ಜಲಪಾತದ ಬುಡದಲ್ಲಿದ್ದ ಊರಿನಲ್ಲಿ ಹುಟ್ಟಿದ. ಆ ಊರಿನವರು ಕೂಗಿಯೇ ಮಾತಾಡುತ್ತಾರೆ, ಗುಟ್ಟಿದ್ದರೆ ಕೈಸನ್ನೆ. ಒಂದು ವರ್ಷ ಅಲ್ಲಿಯ ಬಿದಿರೆಲ್ಲ ಹೂ ಬಿಟ್ಟು ಸತ್ತಿತು. ಕೆಲಸವಿಲ್ಲದೆ ಅವನು ಬಯಲುನಾಡಿನ ಹೆಣ್ಣನ್ನು ಮದುವೆಯಾಗಿ ಮನೆಯಳಿಯನಾದ.

"ಪಕ್ಕದಲ್ಲೇ ಕೂತಿದ್ದೀನಿ, ಯಾಕೆ ಹಾಗೆ ಕೂಗ್ತೀರಿ?" ಎಂದಳು ಹೆಂಡತಿ. "ಜಗಳ ಬಿಡಿಸೋಕೆ ಆಚೆ ಮನೆಯವರು ಬಂದಾರು."

ಅವನು ದನಿ ತಗ್ಗಿಸಿದ. ಆದರೆ ನೀರಿನ ಸದ್ದಿಲ್ಲದ ಆ ಊರಿನಲ್ಲಿ ಅವನಿಗೆ ನಿದ್ದೆ ಬರಲಿಲ್ಲ. ನಿದ್ದೆಗೆಟ್ಟವನ ಕೈಯಲ್ಲಿ ಬಿದಿರು ಸೀಳುವ ಕತ್ತಿ ಜಾರಿ ಹೆಬ್ಬೆರಳು ಸೀಳಿತು. ಅದು ಮಾಯುವ ಮೊದಲೇ ಇನ್ನೊಂದು ಗಾಯ. ಹೆಂಡತಿ ಬಸುರಿ, ಕೈ ಹೋದರೆ ಮನೆಯ ಅನ್ನ ಹೋದಂತೆ. ನೀರು ಬೀಳುವ ಊರು ಎಲ್ಲಿದ್ದರೂ ನೋಡಿಕೊಂಡು ಬನ್ನಿ, ನಾನೂ ಬರುತ್ತೇನೆ ಎಂದು ಅವಳೇ ಅವನನ್ನು ಕಳಿಸಿದಳು.

ಪಡುವಣ ಬೆಟ್ಟದ ಅಂಚಿನಲ್ಲಿ ನೀರು ಎಷ್ಟು ಎತ್ತರದಿಂದ ಬೀಳುತ್ತಿತ್ತೆಂದರೆ, ನೆಲ ಮುಟ್ಟುವ ಮೊದಲೇ ಗಾಳಿ ಅದನ್ನು ಒಯ್ಯುತ್ತಿತ್ತು. ಸದ್ದು ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಅವನು ಮುಂದೆ ನಡೆದ. ಕಪ್ಪು ಬಂಡೆಯ ಸೀಮೆಯಲ್ಲಿ ಇಡೀ ಹೊಳೆಯೇ ಎರಡಾಳುದ್ದ ಕೆಳಗೆ ಬೀಳುತ್ತಿತ್ತು. ಆ ಮೊರೆತ ಕಿವಿಗಲ್ಲ, ಎದೆಗೆ ಬಡಿಯಿತು. ದಟ್ಟ ಕಾಡಿನಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಒಂದೊಂದು ಮೆಟ್ಟಿಲಿಗೆ ಒಂದೊಂದು ದನಿ. ಮುಂದಿನದಕ್ಕೆ ಕಾಯುತ್ತ ಅವನು ಎಚ್ಚರವಾಗಿಯೇ ಉಳಿದ. ಮೂಡಣದ ಕೆಂಪು ಗುಡ್ಡಗಳಲ್ಲಿ ಮಳೆ ಬಂದರಷ್ಟೇ ಜಲಪಾತ. ಮಳೆ ಬಂತು. ನೀರಿನ ಜೊತೆ ಕಲ್ಲುಗಳೂ ಉರುಳಿದವು. ಅವನು ಅಲ್ಲಿಂದಲೂ ಎದ್ದ.

ಕೊನೆಗೆ, ಬಿದಿರಿಲ್ಲದಿದ್ದರೂ ನಿದ್ದೆಯಾದರೂ ಬಂದೀತೆಂದು ಹುಟ್ಟೂರಿಗೆ ಹೋಗಿ ಅಕ್ಕನ ಮನೆಯ ಜಗಲಿಯಲ್ಲಿ ಮಲಗಿದ. ನೀರು ಅದೇ ಬಂಡೆಯ ಮೇಲಿಂದ ಬೀಳುತ್ತಿತ್ತು. ಅವನು ಕಣ್ಣು ಮುಚ್ಚಿ ಕೇಳಿದ. ಪಡುವಣದ್ದಕ್ಕಿಂತ ಇದು ದಪ್ಪ, ಕಪ್ಪು ಬಂಡೆಯದಕ್ಕಿಂತ ತೆಳುವು, ನಡುವೆ ಎಲ್ಲೋ ಒಂದು ತಡವರಿಕೆ. ಹಾಗೇ ಬೆಳಗಾಯಿತು.

"ಅಕ್ಕಾ, ಈ ಸದ್ದು ಮೊದಲಿನ ಹಾಗಿಲ್ಲ, ಅಲ್ಲವಾ?" ಎಂದ.

ಅಕ್ಕ ಒಲೆಯ ಮುಂದಿನಿಂದ ಕೂಗಿದಳು: "ಗಟ್ಟಿಯಾಗಿ ಹೇಳೋ, ಹೊಸ ಸೊಸೆ ಹಾಗೆ ಪಿಸುಗುಟ್ಟಬೇಡ."

ಅವನು ಇನ್ನೊಮ್ಮೆ ಕೂಗಿ ಕೇಳಿದ. ಅಕ್ಕ ಒಲೆ ಊದುವ ಕೊಳವೆ ಕೆಳಗಿಟ್ಟು, ಒಂದು ಗಳಿಗೆ ಕಿವಿಗೊಟ್ಟು, ಅವನನ್ನೇ ನೋಡಿದಳು.

"ಯಾವ ಸದ್ದೋ?" ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಗಂಟನ್ನು ತೊಡೆಯ ಹತ್ತಿರಕ್ಕೆ ಎಳೆದುಕೊಂಡು, ಆ ಎಲ್ಲ ಜಲಪಾತಗಳಲ್ಲಿ ಬುಟ್ಟಿ ಹೆಣೆಯುವವನ ನಿದ್ದೆಗೆ ಹತ್ತಿರವಾದದ್ದು ಯಾವುದು, ತಾವು ಯಾವುದನ್ನು ಮೇಲು ಎನ್ನುತ್ತೀರಿ ಎಂದು ಕೇಳಿದ.

"ಹೊರಡಬೇಕೇ ಎಂದು ಕೇಳಿದೆಯಲ್ಲ ಮುರಿಗೆಪ್ಪ, ನೀನು ಇಲ್ಲಿಗೆ ಇನ್ನೂ ಬಂದೇ ಇಲ್ಲ," ಎಂದರು ಗುರುಗಳು.