ಜಾಲಿ ಮರಕ್ಕೆ ಸಿಕ್ಕ ಮರೆ

ಅದೊಂದು ಹೊಳೆ ದಂಡೆ. ದಂಡೆಯ ಮೇಲೊಂದು ಡೇರೆ ಗಾಡಿ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಡಿ. ಮಡಚಿದರೆ ಪೆಟ್ಟಿಗೆ, ಬಿಚ್ಚಿದರೆ ಮನೆ. ಮನೆಯಲ್ಲಿ ಹಾಸಿಗೆ ಇತ್ತು. ಒಲೆ ಇತ್ತು. ಕಕ್ಕಸು ಇರಲಿಲ್ಲ. ಬಚ್ಚಲೂ ಇರಲಿಲ್ಲ.

ಅದಕ್ಕೇ ಸಂಗಿಯ ಅಪ್ಪ ಹೊರಗೆ ನಾಲ್ಕು ಕೋಲು ನೆಟ್ಟ. ಕೋಲಿನ ಸುತ್ತ ಹಸಿರು ಬಟ್ಟೆಯ ಮರೆ ಕಟ್ಟಿದ. ಮರೆಯೊಳಗೆ ಮುಚ್ಚಳದ ಬಕೆಟ್ಟು ಇಟ್ಟ. ಅದೇ ಕಕ್ಕಸು. ಕೋಲಿಗೆ ನೀರಿನ ಕರಿ ಚೀಲ ತೂಗುಹಾಕಿದ. ಬಿಸಿಲಿಗೆ ನೀರು ಕಾಯಬೇಕು. ಅದೇ ಬಚ್ಚಲು.

ಮುಂಜಾನೆಯೇ ಅಪ್ಪ ಅವ್ವ ಕಾರು ತಗೊಂಡು ಊರೊಳಗೆ ಗ್ಯಾಸು ತರಲು ಹೋದರು. ಉಳಿದವರು ಇಬ್ಬರೇ. ಸಂಗಿ, ಸಂಗಿಯ ಆಯಿ. ಆಯಿ ಅಂದರೆ ಅಪ್ಪನ ಅವ್ವ. ಆಯಿಗೆ ಮೊಣಕಾಲು ನೋವು. ದೂರ ನಡೆಯಲಾರಳು.

ಗಾಳಿ ಬಂತು. ಜೋರು ಗಾಳಿ ಬಂತು. ಮರೆ ಹಾರಿಹೋಯಿತು. ಹೋಗಿ ಜಾಲಿ ಮರದ ತುದಿಗೆ ಸಿಕ್ಕಿಕೊಂಡಿತು.

ಸುತ್ತ ಬಯಲು. ಬಯಲಿನಲ್ಲಿ ಬಕೆಟ್ಟು. ಪಕ್ಕದ ದಾರಿಯಲ್ಲಿ ಜನ.

ಆಯಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು. ನೀರು ಬೇಡ ಅಂದಳು. ಕುಡಿದರೆ ಹೋಗಬೇಕಾಗುತ್ತದೆ. ಹೋಗುವುದು ಎಲ್ಲಿ? ಆಯಿಯ ತುಟಿ ಒಣಗಿತ್ತು. ಸಂಗಿಗೆ ನೋಡಲಾಗಲಿಲ್ಲ. ಎದ್ದು ಹೊರಟಳು.

ಜಾಲಿ ಮರದ ಕೆಳಗೆ ಆಡು ಕಾಯುವವನಿದ್ದ. ಅವನ ಕೈಯಲ್ಲಿ ದೋಟಿ ಇತ್ತು. ತುದಿಗೆ ಕೊಕ್ಕೆ ಇರುವ ಉದ್ದ ಕೋಲು.

"ಕಾಕಾ, ದೋಟಿ ಕೊಡ್ರಿ. ದೋಟಿ ಇಲ್ಲ, ಮರೆ ಇಲ್ಲ. ಮರೆ ಇಲ್ಲ, ಆಯಿ ನೀರು ಕುಡಿಯಂಗಿಲ್ಲ."

ಅವನು ಕೊಡಲಿಲ್ಲ. ದೋಟಿಯ ಕೊಕ್ಕೆ ಸಡಿಲಾಗಿದೆ, ಕಟ್ಟಲು ಹಗ್ಗ ತಾ ಅಂದ.

ಸಂಗಿ ಹೊಳೆಗೆ ಹೋದಳು. ಮೀನು ಹಿಡಿಯುವವನು ಮುಂಜಾನೆಯಿಂದ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದ. ದೋಣಿಯಲ್ಲಿ ಹಗ್ಗ ಇತ್ತು.

"ಮಾಮಾ, ಹಗ್ಗ ಕೊಡ್ರಿ. ಹಗ್ಗ ಇಲ್ಲ, ದೋಟಿ ಇಲ್ಲ. ದೋಟಿ ಇಲ್ಲ, ಮರೆ ಇಲ್ಲ. ಮರೆ ಇಲ್ಲ, ಆಯಿ ನೀರು ಕುಡಿಯಂಗಿಲ್ಲ."

ಅವನು ಕೊಡಲಿಲ್ಲ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು. ಚಳಿಗೆ ಕೈ ಮರಗಟ್ಟಿದೆ, ಗಂಟು ಬಿಚ್ಚಲಾರೆ, ಮೊದಲು ಬಿಸಿ ಚಹಾ ತಾ ಅಂದ.

ಸಂಗಿ ಚಹಾ ಅಂಗಡಿಗೆ ಹೋದಳು. ಮೋಡ ಕವಿಯಿತು.

"ಅಕ್ಕಾ, ಚಹಾ ಕೊಡ್ರಿ. ಚಹಾ ಇಲ್ಲ, ಹಗ್ಗ ಇಲ್ಲ. ಹಗ್ಗ ಇಲ್ಲ, ದೋಟಿ ಇಲ್ಲ. ದೋಟಿ ಇಲ್ಲ, ಮರೆ ಇಲ್ಲ. ಮರೆ ಇಲ್ಲ, ಆಯಿ ನೀರು ಕುಡಿಯಂಗಿಲ್ಲ."

ಅವಳು ಕೊಡಲಿಲ್ಲ. ಒಲೆ ಆರಿದೆ, ಕಟ್ಟಿಗೆ ತಾ ಅಂದಳು.

ಸಂಗಿ ಕಟ್ಟಿಗೆ ಮಾರುವ ಅಜ್ಜನ ಹತ್ತಿರ ಹೋದಳು. ಅಜ್ಜ ಕಲ್ಲಿನ ಮೇಲೆ ಕೂತಿದ್ದ. ಪಾದ ಹಿಡಿದುಕೊಂಡಿದ್ದ.

"ಅಜ್ಜಾ, ಕಟ್ಟಿಗೆ ಕೊಡ್ರಿ. ಕಟ್ಟಿಗೆ ಇಲ್ಲ, ಚಹಾ ಇಲ್ಲ. ಚಹಾ ಇಲ್ಲ, ಹಗ್ಗ ಇಲ್ಲ. ಹಗ್ಗ ಇಲ್ಲ, ದೋಟಿ ಇಲ್ಲ. ದೋಟಿ ಇಲ್ಲ, ಮರೆ ಇಲ್ಲ. ಮರೆ ಇಲ್ಲ, ಆಯಿ ನೀರು ಕುಡಿಯಂಗಿಲ್ಲ."

ಅಜ್ಜ ಕೊಡಲಿಲ್ಲ. ಕಾಲಿಗೆ ಮುಳ್ಳು ಮುರಿದಿದೆ, ಹೊರೆ ಬಿಚ್ಚಲು ಏಳಲಾರೆ, ಸೂಜಿ ತಾ ಅಂದ.

ಸಂಗಿಯ ಕಾಲು ಸೋತವು. ಅಳು ಬಂತು. ಅಳುತ್ತಲೇ ನಡೆದಳು.

ಒಂದು ಗುಡಿಸಲು. ಬಾಗಿಲಲ್ಲಿ ಮುದುಕಿಯೊಬ್ಬಳು ಕೌದಿ ಹೊಲಿಯುತ್ತಿದ್ದಳು. ಹೆಸರು ಹನುಮವ್ವ.

"ಅಮ್ಮಾ, ಸೂಜಿ ಕೊಡ್ರಿ. ಸೂಜಿ ಇಲ್ಲ, ಕಟ್ಟಿಗೆ ಇಲ್ಲ. ಕಟ್ಟಿಗೆ ಇಲ್ಲ, ಚಹಾ ಇಲ್ಲ. ಚಹಾ ಇಲ್ಲ, ಹಗ್ಗ ಇಲ್ಲ. ಹಗ್ಗ ಇಲ್ಲ, ದೋಟಿ ಇಲ್ಲ. ದೋಟಿ ಇಲ್ಲ, ಮರೆ ಇಲ್ಲ. ಮರೆ ಇಲ್ಲ, ಆಯಿ ನೀರು ಕುಡಿಯಂಗಿಲ್ಲ."

ಹನುಮವ್ವನ ಕೈ ನಿಂತಿತು.

"ಯಾವಾಗಿಂದ ಕುಡಿದಿಲ್ಲವ್ವಾ?"

"ಮುಂಜಾನಿಂದ."

ಹನುಮವ್ವ ಕೌದಿ ತೊಡೆಯ ಮೇಲಿಟ್ಟಳು. ಆಮೇಲೆ ಮೆಲ್ಲಗೆ ಅಂದಳು: "ಕಬ್ಬು ಕಡಿಯಾಕ ಹೋದಾಗ ನಾವೂ ಡೇರೆದಾಗ ಇರ್ತಿದ್ವಿ. ದಿನಾ ಬಾಯಿ ಒಣಗಿಸ್ಕೊಂಡು ಕತ್ತಲಾಗೂದು ಕಾಯ್ತಿದ್ವಿ."

ಅವಳು ಬದಲಿಗೆ ಏನೂ ಕೇಳಲಿಲ್ಲ. ಹಲ್ಲಿನಿಂದ ದಾರ ಕಡಿದಳು. ಸೂಜಿ ಕೊಟ್ಟಳು.

ಸಂಗಿ ಓಡಿದಳು. ಅಜ್ಜ ಮುಳ್ಳು ತೆಗೆದುಕೊಂಡ. ಸೂಜಿ ನಾನೇ ಮುಟ್ಟಿಸುತ್ತೇನೆ ಅಂದ. ಎದ್ದು ಹೊರೆ ಬಿಚ್ಚಿದ.

ಸೂಜಿ ಬಂತು, ಕಟ್ಟಿಗೆ ಬಂತು. ಒಲೆ ಹೊತ್ತಿತು.

ಕಟ್ಟಿಗೆ ಬಂತು, ಚಹಾ ಬಂತು. ಮೀನಿನವನ ಕೈ ಬೆಚ್ಚಗಾಯಿತು. ಗಂಟು ಬಿಚ್ಚಿತು.

ಚಹಾ ಬಂತು, ಹಗ್ಗ ಬಂತು. ಕೊಕ್ಕೆ ಗಟ್ಟಿಯಾಯಿತು.

ಹಗ್ಗ ಬಂತು, ದೋಟಿ ಬಂತು. ಆಡಿನವನು ದೋಟಿ ಎತ್ತಿದ. ಜಗ್ಗಿದ. ಪರ್ ಅಂತ ಸದ್ದಾಯಿತು.

ದೋಟಿ ಬಂತು, ಮರೆ ಬಂತು.

ಮರೆ ಹರಿದು ಬಂತು.

ಆಡಿನವನು ಅದನ್ನು ಕೋಲುಗಳಿಗೆ ಕಟ್ಟಿಕೊಟ್ಟ. ತಲೆ ತಗ್ಗಿಸಿ ಹೋದ. ದಾರಿಯ ಕಡೆಗೇ ಒಂದು ದೊಡ್ಡ ತೂತು ಉಳಿಯಿತು. ಆಯಿ ತೂತನ್ನು ನೋಡಿದಳು, ಒಳಗೆ ಹೋಗಲಿಲ್ಲ.

ಸಂಗಿ ತಂಬಿಗೆ ಹಿಡಿದುಕೊಂಡು ಹೋಗಿ ತೂತಿಗೆ ಬೆನ್ನು ಕೊಟ್ಟು ನಿಂತಳು.

ಆಯಿ ಒಳಗೆ ಹೋದಳು. ಬಕೆಟ್ಟಿನ ಮುಚ್ಚಳದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನೀರಿನ ಸದ್ದು. ಬಿಸಿಲು ಹೋಗಿ ಚೀಲದ ನೀರು ತಣ್ಣಗಾಗಿತ್ತು. ಆಯಿ ತಣ್ಣೀರನ್ನೇ ಹುಯ್ದುಕೊಂಡಳು. ದಾರಿಯಲ್ಲಿ ಜನ ಹೋದರು. ಸಂಗಿ ಅಲುಗಲಿಲ್ಲ.

"ಸಂಗೀ, ಅಲ್ಲೇ ಅದೀಯೇನವಾ?"

"ಇಲ್ಲೇ ಅದೀನಿ ಆಯಿ."

"ತಂಬಿಗೆ ಕೊಡು."

ತೂತಿನಿಂದ ಒಂದು ಒದ್ದೆ ಕೈ ಹೊರಗೆ ಬಂತು. ಸಂಗಿ ತಂಬಿಗೆ ಕೊಟ್ಟಳು.

ಗುಟುಕ್. ಗುಟುಕ್. ಗುಟುಕ್.

ಮರೆ ಬಂತು, ಆಯಿ ನೀರು ಕುಡಿದಳು.