ಹಾಲಿನ ಪೆಟ್ಟಿಗೆಯ ಹನ್ನೆರಡು ಮಾತು

ದೇವರು ಬುದ್ಧಿ ಹಂಚೋ ದಿನ ಮುದ್ದಯ್ಯ ಎಲ್ಲಿಗೆ ಹೋಗಿದ್ದನೋ ಕಾಣೆ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಅವನವ್ವ ಸಾಕಮ್ಮನಿಗೆ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಸಾಕಾಗಿತ್ತು.

ಸಾಕಮ್ಮ ಹಾಲು ತಂಪಾಗಿಡೋ ಒಂದು ಪೆಟ್ಟಿಗೆ ತಂದಳು. ಅದು ಪಕ್ಕದ ಮನೆ ಕೆಂಚಪ್ಪನ ಸೋಲಾರ್ ಹಲಗೆಯಿಂದ ಕರೆಂಟು ತಾನೇ ಕೊಳ್ಳೋದು, ಕೊಂಡಷ್ಟಕ್ಕೆ ಚೂರುಚೂರು ಕ್ರಿಪ್ಟೊ ಅನ್ನೋ ಕಂಪ್ಯೂಟರ್ ಕಾಸು ತಾನೇ ಕೊಡೋದು. ಮಧ್ಯೆ ಮನುಷ್ಯರ ಕೈಯೇ ಇಲ್ಲ. ಮೂರು ದಿನಕ್ಕೆ ಮೊಮ್ಮಗಳ ನಾಮಕರಣ. ಬೀದಿಗೆಲ್ಲ ಪಾಯಸ ಹಾಕ್ತೀನಿ ಅಂತ ಮಾತು ಕೊಟ್ಟವಳು ಹಾಲು ಕೂಡಿಡೋಕೆ ಶುರುಮಾಡಿದಳು.

ಪೆಟ್ಟಿಗೆ, ಹಲಗೆ ಎರಡರ ವ್ಯವಹಾರ ಗುಟ್ಟು ಕಣೋ, ಯಾರ ಕಣ್ಣಿಗೂ ಬೀಳದಂಗೆ ನೋಡ್ಕೋ ಅಂದಳು ಮಗನಿಗೆ. ಮುದ್ದಯ್ಯ ಕಂಬಳಿ ತಗೊಂಡು ಕೆಂಚಪ್ಪನ ಮಾಳಿಗೆ ಹತ್ತಿದ, ಸೋಲಾರ್ ಹಲಗೆಗೆ ಮುಸುಕು ಹಾಕಿ ಬಂದ. ಕರೆಂಟು ಹೋಯ್ತು, ಹಾಲು ಕೆಟ್ಟಿತು.

"ಮುಚ್ಚಿದ್ರೆ ಕೆಲಸ ಮಾಡುತ್ತೇನೋ ಪೆದ್ದ? ಬಿಸಿಲಿಗೆ ತೆರೆದಿಡಬೇಕು!"

ಆಗಲವ್ವ ಅಂದ, ಕಂಬಳಿ ತೆಗೆದು ಬಂದ. ಮಾರನೇ ದಿನ ಹಾಲಿನ ಪೆಟ್ಟಿಗೆಯನ್ನೇ ಅಂಗಳಕ್ಕೆ ಎಳೆದು, ಬಾಗಿಲು ತೆಗೆದು ಬಿಸಿಲಿಗಿಟ್ಟ. ಪಾಪದ ಪೆಟ್ಟಿಗೆ ಬಿಸಿಲ ಜೊತೆ ಗುದ್ದಾಡಿ, ಗುದ್ದಾಡಿ, ಇದ್ದಬದ್ದ ಕಾಸೆಲ್ಲ ಕರೆಂಟಿಗೆ ಸುರಿದು ಸುಮ್ಮನಾಯ್ತು. ಹಾಲು ಮತ್ತೆ ಕೆಟ್ಟಿತು. ಸಾಕಮ್ಮನ ಬೈಗುಳ ಊರಾಚೆಗೂ ಕೇಳಿಸಿತಂತೆ.

ಉಳಿದದ್ದು ಒಂದೇ ದಿನ. ಸಾಕಮ್ಮ ಪೆಟ್ಟಿಗೆ ಕೂರಿಸಿದ ರೇಣುಕಳನ್ನು ಕರೆಸಿ, ಅದಕ್ಕೆ ಮತ್ತೆ ಕಾಸು ತುಂಬಿಸಿ, ಹೊಸ ಹಾಲು ಇಟ್ಟು, ಇನ್ಯಾರೂ ತೆಗೆಯದಂಗೆ ಬಾಗಿಲಿಗೆ ಬೀಗ ಮಾಡಿಸಿದಳು. ಹನ್ನೆರಡು ಗುಟ್ಟಿನ ಮಾತು ಸಾಲಾಗಿ ಹೇಳಿದರಷ್ಟೇ ತೆರೆಯೋ ಬೀಗ ಅದು. ಮಾತುಗಳನ್ನು ಪೆಟ್ಟಿಗೆಯೇ ಆರಿಸಿ ಒಂದು ಚೀಟಿ ಉಗುಳಿತು. ನಿಮ್ಮ ಗುಟ್ಟು ನನಗೆ ಬೇಡ ಅಂತ ರೇಣುಕ ಅದರ ಕಡೆ ನೋಡಲೂ ಇಲ್ಲ. ಸಾಕಮ್ಮನಿಗೆ ಓದು ಬಾರದು, ಮುದ್ದಯ್ಯ ಮೂರನೇ ಕ್ಲಾಸಿನ ತನಕ ಓದಿದ್ದ. ಚೀಟಿ ಅವನ ಕೈಗೇ ಹೋಯ್ತು.

"ಯಾವ ಕಳ್ಳನಿಗೂ ಸಿಗದ ಕಡೆ ಇಡು. ಯಾರು ಕೇಳಿದ್ರೂ ಹೇಳಬೇಡ. ನಾನೇ ಬಂದು ಕಾಲಿಗೆ ಬಿದ್ರೂ ಹೇಳಬೇಡ."

ನಾಮಕರಣದ ಬೆಳಿಗ್ಗೆ ಒಲೆ ಮೇಲೆ ಪಾಯಸದ ಕೊಳದಪ್ಪಲೆ ಏರಿತು, ನೆಂಟರು ಬಂದು ಕೂತರು. ಚೀಟಿ ಎಲ್ಲೋ ಅಂದರೆ ಮುದ್ದಯ್ಯ ಎದೆಯುಬ್ಬಿಸಿ ಹೇಳಿದ, ಪೆಟ್ಟಿಗೆಯೊಳಗೇ ಇಟ್ಟು ಬಾಗಿಲು ಹಾಕಿದೀನಿ, ಬೀಗ ಬಿದ್ದಿದೆ ಅಂತ. ಸಾಕಮ್ಮ ಹಣೆ ಚಚ್ಚಿಕೊಂಡಳು. ಆ ಮಾತಾದರೂ ನೆನಪಿದೆಯೇನಪ್ಪ ಅಂತ ಕೇಳಿದಳು. ಹನ್ನೆರಡೂ ಬಾಯಿಪಾಠ ಅಂದ. ಅವಳಿಗೆ ಹೋದ ಜೀವ ಬಂತು.

ಹಂಗಾದರೆ ಹೇಳು ಅಂದಳು. ಮುದ್ದಯ್ಯ ಬಾಯಿ ಬಿಗಿಹಿಡಿದು ಊಹೂಂ ಅಂತ ತಲೆಯಾಡಿಸಿದ. ಗೋಗರೆದಳು, ಅತ್ತಳು, ಕೊನೆಗೆ ನೆಂಟರೆದುರಿಗೇ ಮಗನ ಕಾಲಿಗೆ ಬಿದ್ದಳು.

ಮುದ್ದಯ್ಯ ಅವ್ವನ ರಟ್ಟೆ ಹಿಡಿದು ಮೆಲ್ಲಗೆ ಎಬ್ಬಿಸಿದ.

"ಏಳವ್ವ. ಹಿಂಗೆ ಬಂದು ಕಾಲಿಗೆ ಬೀಳ್ತೀಯ ಅಂತ ನೀನೇ ಹೇಳಿದ್ದೆಯಲ್ಲ. ಈ ಸಲ ನಾನು ತಪ್ಪು ಮಾಡಲ್ಲ."