ಅಕ್ಕುಕೋಟೆಯ ಪಡುಗೋಡೆ

ಕೋಡಿಬೈಲಿನ ಅಳಿವೆಯ ಬಾಯಲ್ಲಿ, ತೆಂಗಿನ ಸಾಲು ಮುಗಿದು ಮರಳು ಶುರುವಾಗುವಲ್ಲಿ, ಡಚ್ಚರ ಕಾಲದ ಕೋಟೆಯೊಂದಿದೆ. ಒಳಗಿನ ಕಟ್ಟಡಗಳೆಲ್ಲ ಬಿದ್ದು ಕೇದಗೆ ಬೆಳೆದಿದೆ. ಕಡಲಿಗೆ ಎದುರಾದ ಪಡುಗೋಡೆ ಮಾತ್ರ ಇಷ್ಟು ಮಳೆಗಾಲದ ತೆರೆ ಜಪ್ಪಿದರೂ ಅಲುಗಿಲ್ಲ. ಕಟ್ಟಿಸಿದವರು ದೂರದ ದೊರೆಗಳು. ಹೆಸರು ಉಳಿದದ್ದು ಸುಣ್ಣ ಸುಡುವ ಅಕ್ಕು ಎಂಬ ಹೆಂಗಸಿನದು.

ಹಿಂದೆ ಒಮ್ಮೆ, ಮೆಣಸು ಅಕ್ಕಿಯ ವ್ಯಾಪಾರಕ್ಕೆ ಬಂದ ಡಚ್ಚರು ಇಲ್ಲಿ ಕೋಟೆ ಎಬ್ಬಿಸಲು ಹೊರಟರಂತೆ. ಕಡಲ ಚಿಪ್ಪನ್ನು ರಾಶಿ ಹಾಕಿ, ಒಂದು ಮಳೆಗಾಲ ನೆನೆಯಲು ಬಿಟ್ಟು, ಉಪ್ಪು ತೊಳೆದುಹೋದ ಮೇಲಷ್ಟೇ ಸುಟ್ಟು ಸುಣ್ಣ ಮಾಡುವುದು ಇಲ್ಲಿನ ಪದ್ಧತಿ. ಅವರ ಕಪ್ತಾನ ಅಷ್ಟು ಕಾಯುವ ಪೈಕಿಯಲ್ಲ. ಅಕ್ಕುವಿನ ಕೈಯಲ್ಲಿ ಹಸಿ ಚಿಪ್ಪನ್ನೇ ಸುಡಿಸಿದ. ಪಡುಗೋಡೆ ಎರಡು ಮಳೆಗಾಲಕ್ಕೆ ಎರಡು ಸಲ ಮಗುಚಿತು. ತಪ್ಪು ತನ್ನದೆಂದು ಒಪ್ಪುವ ದೊರೆ ಎಲ್ಲಿದ್ದಾನೆ? ಸುಣ್ಣದಲ್ಲಿ ಮೋಸವಿದೆಯೆಂದು ಅಕ್ಕುವಿನ ಒಬ್ಬನೇ ತಮ್ಮ ಬಚ್ಚನಿಗೆ ಸಂಕೋಲೆ ತೊಡಿಸಿದ. ಇನ್ನೊಮ್ಮೆ ಗೋಡೆ ಬಿದ್ದರೆ ಇವನನ್ನು ಗುಲಾಮನಾಗಿ ಕಡಲಾಚೆ ಡಚ್ಚರ ಬಟಾವಿಯ ಪಟ್ಟಣಕ್ಕೆ ಹೋಗುವ ಹಡಗು ಹತ್ತಿಸುವೆನೆಂದ. ಆ ಹಡಗು ಹತ್ತಿದವರು ಯಾರೂ ತಿರುಗಿ ಬಂದಿರಲಿಲ್ಲ.

 ಅಕ್ಕು ರಾಶಿಯಿಂದ ಒಂದು ಚಿಪ್ಪು ಹೆಕ್ಕಿ ನೆಟ್ಟಗೆ ಕಪ್ತಾನನ ಮುಂದೆ ಹಿಡಿದಳು ಎನ್ನುತ್ತಾರೆ.

"ನೆಕ್ಕಿ ಕಾಣಿ ಒಡ್ಯಾ, ಉಪ್ಪಿತ್ತ್. ಈ ಮಳ್ಗಾಲ ಕಳೀಲಿ. ಅಲ್ಲಿವರೆಗೆ ನಾನ್ ಸುಣ್ಣ ಕೊಡುದಿಲ್ಲೆ."

ಜೊತೆಗಿದ್ದ ದುಭಾಷಿ ಅದನ್ನು ಡಚ್ಚರ ಮಾತಿಗೆ ತಿರುಗಿಸಿ ಹೇಳಿದ. ಕಪ್ತಾನ ಚಿಪ್ಪನ್ನು ನಾಲಿಗೆಗೆ ಮುಟ್ಟಿಸಿ ಮುಖ ಕಿವಿಚಿದ. ಕೊನೆಗೆ, ಕಾಯುತ್ತೇನೆ ಎಂದ. ತಡವಾಗಿಯಾದರೂ ಹೇಳಿದ್ದನ್ನು ಕೇಳಿದನಲ್ಲ, ಅಷ್ಟಕ್ಕೆ ಅವನನ್ನೂ ಮೆಚ್ಚಬೇಕು.

ಮಳೆ ಕಳೆದು, ತೊಳೆದ ಚಿಪ್ಪಿನ ಸುಣ್ಣದಲ್ಲಿ ಗೋಡೆ ಎದ್ದಿತು. ಮರುವರ್ಷ ಆಷಾಢದಲ್ಲಿ ಕಡಲು ಉಕ್ಕಿದಾಗ ಕಪ್ತಾನ, ಸಿಪಾಯಿಗಳು, ಸಂಕೋಲೆಯ ಬಚ್ಚ ಎಲ್ಲರೂ ದಿಬ್ಬ ಹತ್ತಿದರು. ಅಕ್ಕು ಮಾತ್ರ ಪಡುಗೋಡೆಯ ಒಳಮೈಗೆ ಬೆನ್ನು ಒರಗಿಸಿ ಕೂತಳು. ಕರೆದವರಿಗೆ, "ಬಿದ್ರೆ ನನ್ನ್ ಮೇಲೇ ಬೀಳ್ಲಿ. ತಮ್ಮ ಹಡಗ್ ಹತ್ತುದ್ ಕಾಂಬುಕೆ ನಂಗ್ ಆತಿಲ್ಲೆ" ಎಂದಳಂತೆ. ಮೂರು ದಿನ ತೆರೆ ಬಡಿಯಿತು. ಗೋಡೆಯೂ ನಿಂತಿತು, ಅವಳೂ ಏಳಲಿಲ್ಲ. ಎಂಥ ಗಟ್ಟಿ ಜೀವ! ನಾಲ್ಕನೆಯ ದಿನ ಕಪ್ತಾನ ತಾನೇ ಬಂದು, ಬಚ್ಚನ ಸಂಕೋಲೆ ಬಿಚ್ಚಿಸಿ, ಅವಳೆದುರು ಟೊಪ್ಪಿ ತೆಗೆದ.

ಕೋಟೆಗೆ ಅವನು ತನ್ನ ಹುಟ್ಟೂರಿನ ಹೆಸರಿಟ್ಟ. ಹೆಬ್ಬಾಗಿಲ ಮೇಲಿನ ಕಲ್ಲಿನಲ್ಲಿ ಆ ಅಕ್ಷರಗಳು ಈಗಲೂ ಇವೆ. ಓದಬಲ್ಲವರು ಊರಲ್ಲಿ ಒಬ್ಬರೂ ಇಲ್ಲ. ಮೀನು ಮಾರಿ ಬರುವ ಹೆಂಗಸರು ಬುಟ್ಟಿ ಇಳಿಸಿ ಪಡುಗೋಡೆಗೆ ಒರಗಿ ದಣಿವಾರಿಸಿಕೊಳ್ಳುತ್ತಾರೆ. ಹಳೆಯ ಗೋಡೆ, ಜೋಪಾನ ಎಂದು ನೋಡಲು ಬಂದವರು ಯಾರಾದರೂ ಎಚ್ಚರಿಸಿದರೆ ಅವರಿಗೆ ನಗು.

"ಇದ್ ಅಕ್ಕು ಕೂಕಂಡ್ ಗೋಡೆ ಮರಾಯ್ರೆ. ನೀವೂ ಕೂಕಣಿ."